ಡಿಕ್ರಿ ನಕಲಿಗೆ ಎಷ್ಟು ದಿನದ ಕೂಲಿ?

ಹುಟ್ಟಿದರೆ ಬರೆದುಕೊಳ್ಳಲು ಸರ್ಕಾರದಲ್ಲಿ ಒಂದು ಪುಸ್ತಕವಿದೆ. ಸತ್ತರೆ ಬರೆದುಕೊಳ್ಳಲು ಇನ್ನೊಂದಿದೆ. 1969ರ ಜನನ ಮರಣ ನೋಂದಣಿ ಕಾನೂನು ಇವೆರಡನ್ನೂ ನೋಡಿಕೊಳ್ಳುತ್ತದೆ. ಮದುವೆಗೆ ಸಬ್ ರಿಜಿಸ್ಟ್ರಾರರ ಕಛೇರಿಯಿದೆ. ಅದಕ್ಕೆಂದು ನಮ್ಮ ರಾಜ್ಯದ್ದೇ ಆದ 1976ರ ಶಾಸನವೂ ಇದೆ. ಆದರೆ ಮದುವೆ ಮುರಿದುಬಿದ್ದರೆ? ವಿಚ್ಛೇದನದ ಪ್ರಮಾಣಪತ್ರ ಕೊಡತಕ್ಕ ಅಧಿಕಾರಿ ತಾಲ್ಲೂಕು ಕಛೇರಿಯಲ್ಲಿಲ್ಲ, ನಗರಪಾಲಿಕೆಯಲ್ಲಿಲ್ಲ, ಪಂಚಾಯಿತಿಯಲ್ಲೂ ಇಲ್ಲ. ಮುರಿದ ಮದುವೆಯ ದಾಖಲೆ ಇರುವುದು ಒಂದೇ ಕಡೆ. ಯಾವ ಕೋರ್ಟು ಅದನ್ನು ಮುರಿಯಿತೋ ಆ ಕೋರ್ಟಿನ ಕಟ್ಟಿನಲ್ಲಿ, ದಾರ ಬಿಗಿದು, ಕಪಾಟಿನಲ್ಲಿ.

ಇದು ಗೊತ್ತಿಲ್ಲದೆ ನಮ್ಮ ಜನ ಕಛೇರಿಯಿಂದ ಕಛೇರಿಗೆ ಅಲೆಯುತ್ತಿದ್ದಾರೆ. ಪೀಣ್ಯದ ಲೇತ್ ಶೆಡ್ಡಿನಲ್ಲಿ ದುಡಿಯುವವರು, ಬೊಮ್ಮಸಂದ್ರ, ಜಿಗಣಿಗಳ ಗಾರ್ಮೆಂಟ್ಸಿನಲ್ಲಿ ಹೊಲಿಯುವ ಹೆಂಗಸರು, ವೈಟ್‌ಫೀಲ್ಡಿನ ಗಾಜಿನ ಕಟ್ಟಡಗಳನ್ನು ಬೆಳಗಾಗುವ ಮುಂಚೆ ಗುಡಿಸಿ ಒರೆಸುವವರು, ಇವರೆಲ್ಲ ತಹಶೀಲ್ದಾರರ ಬಳಿ ಹೋಗಿ ಕೇಳುತ್ತಾರೆ. ಅಲ್ಲಿಂದ ಸಬ್ ರಿಜಿಸ್ಟ್ರಾರರ ಬಳಿಗೆ. ಅಲ್ಲಿಂದ ‘ನಾನು ಮಾಡಿಸಿಕೊಡ್ತೀನಿ ಬಾಮ್ಮ’ ಎನ್ನುವ ಯಾವನೋ ಒಬ್ಬನ ಬಳಿಗೆ. ಪ್ರತಿ ಸಲವೂ ಒಂದು ದಿನದ ಕೂಲಿ ಹೋಯಿತು. ಲೋಕದ ನಾನಾ ದೇಶಗಳ ಬ್ಯಾಂಕಿನ ಲೆಕ್ಕ, ಆಸ್ಪತ್ರೆಯ ಲೆಕ್ಕ ಎಲ್ಲವನ್ನೂ ಒಂದು ಗುಂಡಿ ಒತ್ತಿ ತೆಗೆದುಕೊಡುವ ಕಂಪೆನಿಗಳು ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ಹೊಲದ ಮೇಲೆ ನಿಂತಿವೆ. ಅದೇ ಕಟ್ಟಡದ ನೆಲ ಒರೆಸುವ ಹೆಂಗಸಿಗೆ ತನ್ನ ಬಾಳಿನ ಒಂದು ಕಾಗದ ಎಲ್ಲಿದೆಯೆಂದು ಹೇಳುವವರು ಯಾರೂ ಇಲ್ಲ.

ಗಂಡಹೆಂಡಿರ ಜಗಳ ಕಾರ್ಮಿಕರ ಪತ್ರಿಕೆಗೆ ಏಕೆ ಎಂದು ಕೆಲವರು ಮೂಗು ಮುರಿಯಬಹುದು. ಜಗಳ ನಮಗೆ ಬೇಕಿಲ್ಲ, ಕಾಗದ ಬೇಕು. ಆ ಕಾಗದವಿಲ್ಲದೆ ಹೆಂಗಸಿನ ಹೆಸರು ಬಿಟ್ಟುಹೋದ ಗಂಡನ ಮನೆಯ ಪಡಿತರ ಚೀಟಿಯಲ್ಲೇ ಉಳಿಯುತ್ತದೆ. ಅಕ್ಕಿ ಅಲ್ಲಿಗೆ ಹೋಗುತ್ತದೆ. 2023ರಲ್ಲಿ ಬಂದ ಗೃಹಲಕ್ಷ್ಮಿಯ ತಿಂಗಳಿಗೆ 2,000 ರೂಪಾಯಿ ಚೀಟಿಯಲ್ಲಿ ಮನೆಯ ಯಜಮಾನಿಯೆಂದು ಬರೆದವಳಿಗೆ. ಬೇರೆ ಚೀಟಿ ಆಗದಿದ್ದರೆ ಇವಳು ಯಾವ ಮನೆಯ ಯಜಮಾನಿ? ಬಡ ಅವಿವಾಹಿತೆಯರಿಗೂ ವಿಚ್ಛೇದಿತೆಯರಿಗೂ 40ರಿಂದ 64ರ ವಯಸ್ಸಿನೊಳಗೆ ಕೊಡುವ ಮನಸ್ವಿನಿ ಮಾಸಾಶನವಿದೆ. ನಾಡಕಛೇರಿಯಲ್ಲಿ ಅರ್ಜಿ ಹಾಕಿದರೆ ‘ವಿಚ್ಛೇದಿತೆ ಎಂಬುದಕ್ಕೆ ಪುರಾವೆ ಏನು?’ ಎಂಬುದೇ ಪ್ರಶ್ನೆ. ಮರುಮದುವೆ ನೋಂದಾಯಿಸಲು ಹೋದರೆ ಡಿಕ್ರಿ ಕೇಳುತ್ತಾರೆ. ಪಿ.ಎಫ್. ನಾಮಿನಿ ಬದಲಾಯಿಸದೆ ಸತ್ತ ಕಾರ್ಮಿಕನ ಹಣಕ್ಕೆ ಇಬ್ಬರು ಬಂದು ನಿಂತರೆ ಮತ್ತೆ ಅದೇ ಕಾಗದ. ಅಂಗಡಿ ಇಟ್ಟುಕೊಂಡವರಿಗೂ ತಪ್ಪಿದ್ದಲ್ಲ. ಸೈಟು ಮಾರುವಾಗ, ಸಾಲ ಎತ್ತುವಾಗ ಹೆಂಡತಿಯ ರುಜು ಎಲ್ಲಿ ಎಂದು ಬ್ಯಾಂಕಿನವರು ಕೇಳದೆ ಬಿಡುವುದಿಲ್ಲ. ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇವೆ: ಪಾಸ್‌ಪೋರ್ಟಿಗೆ ಮಾತ್ರ ಡಿಕ್ರಿ ಬೇಕಿಲ್ಲ. 2016ರ ಡಿಸೆಂಬರಿನಲ್ಲಿ ಆ ನಿಬಂಧನೆಯನ್ನು ತೆಗೆದುಹಾಕಿದರು. ಗಲ್ಫ್ ದೇಶಕ್ಕೆ ಹೊರಟವರಿಂದ ‘ಡಿಕ್ರಿ ತರಿಸಿಕೊಡುತ್ತೇನೆ’ ಎಂದು ಹಣ ಕೀಳುವ ಏಜೆಂಟರ ಮಾತು ನಂಬಬಾರದು.

ಮೊದಲ ಕಷ್ಟ ಯಾವ ಕೋರ್ಟು ಎಂಬುದು. ಬೆಂಗಳೂರು ನಗರದ ಮಟ್ಟಿಗೆ ಕುಟುಂಬ ನ್ಯಾಯಾಲಯ ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲ ಕಟ್ಟಡದಲ್ಲಿದೆ. ಪೀಣ್ಯದವರೂ ವೈಟ್‌ಫೀಲ್ಡಿನವರೂ ಸಾಮಾನ್ಯವಾಗಿ ನೋಡಬೇಕಾದದ್ದು ಅಲ್ಲಿ. ಚಂದಾಪುರ, ಬೊಮ್ಮಸಂದ್ರ, ಅತ್ತಿಬೆಲೆಯ ಕಡೆಯವರು ಆನೇಕಲ್ಲಿನ ಸೀನಿಯರ್ ಸಿವಿಲ್ ಜಡ್ಜರ ಕೋರ್ಟಿನಲ್ಲೂ ವಿಚಾರಿಸಬೇಕು. ದಾಬಸ್‌ಪೇಟೆಯ ಕಡೆಯವರು ನೆಲಮಂಗಲದಲ್ಲಿ. ಕುಟುಂಬ ನ್ಯಾಯಾಲಯಗಳು 1984ರ ಕಾನೂನಿನಿಂದ ಹುಟ್ಟಿದವು. ಅದಕ್ಕೂ ಹಿಂದಿನ ಮೊಕದ್ದಮೆಯಾದರೆ ಸಿವಿಲ್ ಕೋರ್ಟಿನ ರೆಕಾರ್ಡ್ ರೂಮಿನಲ್ಲಿ ಹುಡುಕಬೇಕು. 1986ರಲ್ಲಿ ಬೆಂಗಳೂರು ಜಿಲ್ಲೆ ನಗರ, ಗ್ರಾಮಾಂತರ ಎಂದು ಎರಡಾಯಿತೆಂಬುದನ್ನೂ ಹಳೆಯ ಕಾಗದ ಹುಡುಕುವವರು ನೆನಪಿಡಬೇಕು.

ಆದರೆ ಈ ಬೆಂಗಳೂರಿನ ಹೊರವಲಯದಲ್ಲಿ ದುಡಿಯುವವರು ಎಲ್ಲಿಯವರು? ಕಲಬುರಗಿಯವರು, ರಾಯಚೂರಿನವರು, ಪಾವಗಡದವರು, ಮುಳಬಾಗಿಲಿನವರು. ಹಿಂದೂ ವಿವಾಹ ಕಾನೂನಿನ 19ನೆಯ ಸೆಕ್ಷನ್ ಪ್ರಕಾರ ಮದುವೆ ನಡೆದ ಊರಿನ ಕೋರ್ಟಿನಲ್ಲಿ ಅರ್ಜಿ ಹಾಕಬಹುದು. ಎದುರುದಾರ ವಾಸವಾಗಿರುವ ಕಡೆ ಹಾಕಬಹುದು. ಗಂಡಹೆಂಡಿರು ಕೊನೆಗೆ ಒಟ್ಟಿಗಿದ್ದ ಕಡೆ ಹಾಕಬಹುದು. 2003ರ ತಿದ್ದುಪಡಿಯಾದ ಮೇಲೆ ಹೆಂಡತಿ ಅರ್ಜಿದಾರಳಾದರೆ ತಾನು ಇರುವ ಕಡೆಯೇ ಹಾಕಬಹುದು. ಆದ್ದರಿಂದ ಮದುವೆ ಸಿಂಧನೂರಿನಲ್ಲಿ, ಸಂಸಾರ ಹೆಗ್ಗನಹಳ್ಳಿಯಲ್ಲಿ, ಹೆಂಡತಿ ತವರಿಗೆ ಹೋಗಿದ್ದು ಲಿಂಗಸುಗೂರಿಗೆ ಎಂದರೆ ಕಟ್ಟು ಮೂರರಲ್ಲಿ ಎಲ್ಲಿಯಾದರೂ ಇರಬಹುದು. ನ್ಯಾಯದೇಗುಲದಲ್ಲಿ ‘ಇಲ್ಲ’ ಎಂದರೆ ಎಲ್ಲಿಯೂ ಇಲ್ಲ ಎಂದು ಅರ್ಥವಲ್ಲ.

ನಂಬರು ಗೊತ್ತಿದ್ದರೆ ಅರ್ಧ ಕೆಲಸ ಆದಂತೆ. ನಮ್ಮ ರಾಜ್ಯದ ಕೋರ್ಟುಗಳಲ್ಲಿ ಇಂಥ ಮೊಕದ್ದಮೆಗೆ ಎಂ.ಸಿ. ನಂಬರು ಎನ್ನುತ್ತಾರೆ, ಅದರ ಮುಂದೆ ಅಂಕಿ, ಆಮೇಲೆ ವರ್ಷ. ಹಳೆಯ ಸಮನ್ಸ್ ಇದ್ದರೆ ಅದರ ತಲೆಯ ಮೇಲೇ ಇರುತ್ತದೆ. ಜೀವನಾಂಶದ ಅರ್ಜಿಯ ಆದೇಶದಲ್ಲಿ ಇದರ ಪ್ರಸ್ತಾಪ ಬಂದಿರಬಹುದು. ವಕೀಲರ ಡೈರಿಯಲ್ಲಂತೂ ಇದ್ದೇ ಇರುತ್ತದೆ. ವಕೀಲರು ತೀರಿಹೋಗಿದ್ದರೆ ಅವರ ಜೂನಿಯರನ್ನು ಹುಡುಕಬೇಕು. ಏನೂ ಇಲ್ಲದವರಿಗೆ ಈಗ ಇ-ಕೋರ್ಟ್ಸ್ ಎಂಬುದಿದೆ. ಜಿಲ್ಲೆ, ಕೋರ್ಟು, ವರ್ಷ ಆರಿಸಿಕೊಂಡು ಹೆಸರಿನಿಂದ ಹುಡುಕಬಹುದು. ಮೊಬೈಲಿನಲ್ಲಿ ಕಾಸು ಖರ್ಚಿಲ್ಲ. ತೊಡಕೆಂದರೆ ಹೆಸರು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ. ಲಕ್ಷ್ಮಮ್ಮನ ಹೆಸರಿನಲ್ಲಿ ಗುಮಾಸ್ತರು ಒಂದು ಅಕ್ಷರ ಹೆಚ್ಚು ಹಾಕಿದ್ದರೆ ಲಕ್ಷ್ಮಮ್ಮ ಸಿಗುವುದಿಲ್ಲ. ಆದ್ದರಿಂದ ಹೆಸರಿನ ಮೊದಲ ನಾಲ್ಕೈದು ಅಕ್ಷರ ಮಾತ್ರ ಹಾಕಿ, ವರ್ಷ ಒಂದೊಂದಾಗಿ ಬದಲಾಯಿಸುತ್ತ ಹೋಗಬೇಕು. ಮೊಕದ್ದಮೆ ತೀರ್ಮಾನವಾದ ವರ್ಷವಲ್ಲ, ಹೂಡಿದ ವರ್ಷ. ಗಂಡನ ಹೆಸರಿನಿಂದಲೂ ಒಮ್ಮೆ ನೋಡಬೇಕು. ಸಿಕ್ಕರೆ 16 ಅಕ್ಷರದ ಸಿ.ಎನ್.ಆರ್. ನಂಬರು ಬರುತ್ತದೆ, ಅದನ್ನು ಬರೆದಿಟ್ಟುಕೊಂಡರೆ ಮುಂದೆ ಯಾರೂ ನಿಮ್ಮನ್ನು ‘ನಂಬರಿಲ್ಲದೆ ಬಂದಿದ್ದೀರಿ’ ಎಂದು ತಿರುಗಿಸಿ ಕಳುಹಿಸಲಾರರು. ಹಳೆಯ ಮೊಕದ್ದಮೆಗಳೆಲ್ಲ ಅದರಲ್ಲಿ ಇರುತ್ತವೆಂದು ಮಾತ್ರ ಎಣಿಸಬೇಡಿ.

ಹೀಗೆ ಹುಡುಕುವುದು ಬರಿಯ ಕುತೂಹಲದ ಮಾತಲ್ಲ. ಗಂಡ ಊರಿನ ಕೋರ್ಟಿನಲ್ಲಿ ಅರ್ಜಿ ಹಾಕಿ, ಹೆಂಡತಿಯ ವಿಳಾಸ ಎಂದೋ ಬಿಟ್ಟ ಮನೆಯದು ಕೊಟ್ಟು, ಸಮನ್ಸ್ ಅಲ್ಲಿಯ ಬಾಗಿಲಿಗೆ ಅಂಟಿಸಿ, ಅವಳು ಬರಲಿಲ್ಲವೆಂದು ಏಕಪಕ್ಷೀಯ ಡಿಕ್ರಿ ಪಡೆದು ಇನ್ನೊಂದು ಮದುವೆಯಾಗುವುದು ಹೊಸದೇನಲ್ಲ. ಅವಳಿಗೆ ತಾನು ವಿಚ್ಛೇದಿತೆ ಎಂಬುದೇ ವರ್ಷಗಳ ಮೇಲೆ ನೆರೆಯವರ ಬಾಯಿಂದ ತಿಳಿಯಬೇಕು. ಇಂಥ ಡಿಕ್ರಿಯನ್ನು ರದ್ದು ಮಾಡಿರೆಂದು ಕೇಳಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 9ನೆಯ ಆರ್ಡರಿನ 13ನೆಯ ರೂಲಿನಲ್ಲಿ ದಾರಿಯಿದೆ. ಅವಧಿ 30 ದಿನ. ಸಮನ್ಸ್ ಸರಿಯಾಗಿ ಜಾರಿಯಾಗದಿದ್ದರೆ ಡಿಕ್ರಿಯ ವಿಷಯ ತಿಳಿದ ದಿನದಿಂದ 30 ದಿನ. ಸುದ್ದಿ ಕೇಳಿದ ಹೆಂಗಸು ಅತ್ತು ಕೂಡದೆ ಮರುದಿನವೇ ನಕಲು ಅರ್ಜಿ ಹಾಕಬೇಕು ಎಂದು ನಾವು ಹೇಳುವುದು ಇದಕ್ಕೇ. ಸಮನ್ಸ್ ಹೇಗೆ ಜಾರಿಯಾಯಿತೆಂಬ ಅಮೀನರ ವರದಿಯೂ ಅದೇ ಕಟ್ಟಿನಲ್ಲಿರುತ್ತದೆ. ಅದರ ನಕಲನ್ನೂ ಕೇಳಬೇಕು. ತೀರ್ಪು ಡಿಕ್ರಿಗಳಂತೆ ಕಟ್ಟಿನ ಎಲ್ಲ ಕಾಗದಗಳನ್ನೂ ಕೋರ್ಟು ಎಂದೆಂದಿಗೂ ಇಟ್ಟುಕೊಳ್ಳುವುದಿಲ್ಲ. ನಿಯಮದ ಪ್ರಕಾರ ಕಾಲ ಕಳೆದ ಮೇಲೆ ಕೆಲವನ್ನು ನಾಶಮಾಡುತ್ತಾರೆ. ತಡವಾದಷ್ಟೂ ಕೈಗೆ ಸಿಗುವುದು ಕಡಿಮೆ.

ಇನ್ನು ಅರ್ಜಿ. ಮೊಕದ್ದಮೆಯ ನಂಬರು, ವರ್ಷ, ಇಬ್ಬರ ಹೆಸರು, ತೀರ್ಮಾನವಾದ ತಾರೀಕು, ನೀವು ಅರ್ಜಿದಾರರೋ ಎದುರುದಾರರೋ, ಯಾವ ಯಾವ ಕಾಗದ ಬೇಕು, ಇಷ್ಟನ್ನು ಬರೆದು ಕೋರ್ಟ್ ಫೀ ಸ್ಟಾಂಪು ಹಚ್ಚಿ ನಕಲು ವಿಭಾಗದಲ್ಲಿ ಕೊಡುವುದು. ತೀರ್ಪು ಬೇರೆ, ಡಿಕ್ರಿ ಬೇರೆ. ಜಡ್ಜರು ಕಾರಣ ಸಹಿತ ಬರೆದದ್ದು ತೀರ್ಪು. ‘ಇಂಥ ದಿನ ನಡೆದ ಮದುವೆ ರದ್ದಾಯಿತು’ ಎಂದು ಒಂದೆರಡು ಪುಟದಲ್ಲಿ ಇಳಿಸಿದ್ದು ಡಿಕ್ರಿ. ಕಛೇರಿಗಳಿಗೆ ಬೇಕಾದದ್ದು ಹೆಚ್ಚಾಗಿ ಡಿಕ್ರಿ. ಜೀವನಾಂಶಕ್ಕೋ ಮೇಲ್ಮನವಿಗೋ ಹೋಗುವವರಿಗೆ ಎರಡೂ ಬೇಕು. ಜೆರಾಕ್ಸ್ ಸಾಲದು. ಮೊಹರು, ಅಧಿಕಾರಿಯ ರುಜು, ‘ನಿಜ ಪ್ರತಿ’ ಎಂಬ ದೃಢೀಕರಣ ಇದ್ದರೇ ಅದು ಪುರಾವೆ. ಹಿಂದೆ 1872ರ ಸಾಕ್ಷ್ಯ ಕಾನೂನಿನಲ್ಲಿದ್ದ ಈ ಮಾತು 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿದೆ. ನಕಲಿನ ಹಿಂಬದಿಯಲ್ಲೋ ಕೊನೆಯಲ್ಲೋ ಅರ್ಜಿ ಕೊಟ್ಟ ದಿನ, ನಕಲು ಸಿದ್ಧವಾದ ದಿನ, ಕೈಗೆ ಕೊಟ್ಟ ದಿನ ಎಂದು ತಾರೀಕುಗಳಿರುತ್ತವೆ. ಅವನ್ನು ಕಡೆಗಣಿಸಬೇಡಿ. ಮೇಲ್ಮನವಿಯ ಅವಧಿ ಎಣಿಸುವಾಗ ನಕಲಿಗೆ ಹಿಡಿದ ದಿನಗಳನ್ನು ಬಿಟ್ಟು ಎಣಿಸಬೇಕೆಂದು 1963ರ ಕಾಲಮಿತಿ ಕಾನೂನಿನ 12ನೆಯ ಸೆಕ್ಷನ್ ಹೇಳುತ್ತದೆ.

ಈಗ ನಾವು ಈ ಲೇಖನ ಬರೆಯಲು ಮುಖ್ಯ ಕಾರಣವಾದ ಸಂಗತಿಗೆ ಬರುತ್ತೇವೆ. ಹಿಂದೂ ವಿವಾಹ ಕಾನೂನಿನ 23ನೆಯ ಸೆಕ್ಷನಿಗೆ 1976ರಲ್ಲಿ ಒಂದು ಉಪವಿಧಿ ಸೇರಿತು, ಅದು ನಾಲ್ಕನೆಯದು. ವಿಚ್ಛೇದನದ ಡಿಕ್ರಿ ಕೊಟ್ಟ ನ್ಯಾಯಾಲಯ ಅದರ ಒಂದು ಪ್ರತಿಯನ್ನು ಎರಡೂ ಪಕ್ಷಗಳಿಗೆ ಉಚಿತವಾಗಿ ಕೊಡತಕ್ಕದ್ದು ಎಂದು ಅದರ ಅರ್ಥ. ಕೇಳಿದರೆ ಕೊಡಬಹುದು ಎಂದಲ್ಲ. ಬಡವರಾದರೆ ಕೊಡಬಹುದು ಎಂದೂ ಅಲ್ಲ. ಕೊಡತಕ್ಕದ್ದು. 1954ರ ವಿಶೇಷ ವಿವಾಹ ಕಾನೂನಿನಲ್ಲೂ ಇದೇ ಮಾತಿದೆ. ಅಂದರೆ ಸುಮಾರು 50 ವರ್ಷಗಳಿಂದ ಈ ಹಕ್ಕು ಪುಸ್ತಕದಲ್ಲಿದೆ. ನಮ್ಮ ವಾಚಕರಲ್ಲಿ ಇದನ್ನು ಕೇಳಿ ತಿಳಿದವರು ಎಷ್ಟು ಮಂದಿ? ಡಿಕ್ರಿಯಾದವರು ಎಷ್ಟೋ ಜನ ಅದರ ಪ್ರತಿಯನ್ನೇ ಕಂಡಿಲ್ಲ. ‘ಕೇಸು ಆಯ್ತು’ ಎಂದು ವಕೀಲರು ಹೇಳಿದರು, ಪಾಳಿಗೆ ಹೊತ್ತಾಯಿತೆಂದು ಇವರು ಬಸ್ಸು ಹತ್ತಿದರು. ಎಂಟು ಹತ್ತು ವರ್ಷ ಕಳೆದು ಬೇಕಾದಾಗ ಅದೇ ಪ್ರತಿಗೆ ದಲ್ಲಾಳಿ ಹೇಳಿದ ಬೆಲೆ. ಎರಡನೆಯ ಸಲ, ಮೂರನೆಯ ಸಲ ನಕಲು ಬೇಕಾದರೆ ಫೀಸು ಕಟ್ಟಬೇಕು, ಅದು ನ್ಯಾಯವೇ. ಅದೂ ದೊಡ್ಡ ಮೊತ್ತವಲ್ಲ. ದೊಡ್ಡದಾಗುವುದು ಫೀಸಲ್ಲ, ಕೂಲಿ. ಕೋರ್ಟಿನ ನಕಲು ವಿಭಾಗ ತೆರೆದಿರುವ ಹೊತ್ತೂ ಕಾರ್ಖಾನೆಯ ಜನರಲ್ ಶಿಫ್ಟಿನ ಹೊತ್ತೂ ಒಂದೇ. ಅರ್ಜಿ ಕೊಡಲು ಒಂದು ದಿನ, ಸಿದ್ಧವಾಯಿತೇ ಎಂದು ನೋಡಲು ಒಂದು ದಿನ, ‘ಕಟ್ಟು ಸಿಕ್ಕಿಲ್ಲ’ ಎಂದರೆ ಮತ್ತೊಂದು. ಗಾರ್ಮೆಂಟ್ಸಿನಲ್ಲಿ ಹಾಜರಿ ಭತ್ಯೆ ಒಂದು ದಿನ ತಪ್ಪಿದರೂ ಹೋಯಿತು. ಉಚಿತ ಪ್ರತಿಯ ನಿಜವಾದ ಬೆಲೆ ಇದು.

ಡಿಕ್ರಿಯೇ ಇಲ್ಲದವರ ಮಾತು ಬೇರೆ, ಅವರು ಇನ್ನೂ ಹೆಚ್ಚು. ಛಾಪಾ ಕಾಗದದ ಮೇಲೆ ‘ನಾವಿಬ್ಬರೂ ಒಪ್ಪಿ ಬೇರೆಯಾಗಿದ್ದೇವೆ’ ಎಂದು ಬರೆಸಿ, ನೋಟರಿ ಮೊಹರು ಹಾಕಿಸಿ, ನಾಲ್ಕು ಜನ ಹಿರಿಯರ ರುಜು ಹಾಕಿಸಿ ಪೆಟ್ಟಿಗೆಯಲ್ಲಿಟ್ಟುಕೊಂಡವರು ಪೀಣ್ಯ, ದಾಸರಹಳ್ಳಿಗಳ ವಠಾರಗಳಲ್ಲಿ ಎಷ್ಟೋ ಮಂದಿ. ಕೋರ್ಟಿನದು ನಕಲಾದರೂ ಅಸಲಿಗೆ ಸಮ. ಇದು ಅಸಲಾದರೂ ನಕಲಿ. ನೋಟರಿಗೆ ಮದುವೆ ಮುರಿಯುವ ಅಧಿಕಾರವನ್ನು ಯಾವ ಕಾನೂನೂ ಕೊಟ್ಟಿಲ್ಲ. ಇದನ್ನು ನಂಬಿ ಮರುಮದುವೆಯಾದರೆ ದ್ವಿಪತ್ನಿತ್ವದ ಆರೋಪ ಬರಬಹುದು. ಎಲ್ಲಕ್ಕಿಂತ ಹೆಚ್ಚಾಗಿ ಎರಡನೆಯ ಹೆಂಡತಿಯೂ ಅವಳ ಮಕ್ಕಳೂ ಪಿಂಚಣಿಯ ದಿನ ಬೀದಿಗೆ ಬೀಳುತ್ತಾರೆ.

ಹಾಗೆಂದು ನಮ್ಮ ಜನರ ಪದ್ಧತಿಯನ್ನೇ ಹೀಗಳೆಯುವವರ ಜೊತೆ ನಾವು ಸೇರುವುದಿಲ್ಲ. ವಿಚ್ಛೇದನವೆಂದರೆ ಪಶ್ಚಿಮದಿಂದ ಬಂದ ಪಿಡುಗು ಎಂದು ಭಾಷಣ ಮಾಡುವವರಿಗೆ ದುಡಿಯುವ ಜನರ ಚರಿತ್ರೆ ಗೊತ್ತಿಲ್ಲ. ಉತ್ತರದ ಜಿಲ್ಲೆಗಳಲ್ಲಿ ಸೋಡಚೀಟಿ ಎಂಬ ಮಾತು, ಉಡಿಕೆ ಎಂಬ ಮಾತು, ಹಳೆಯ ಮೈಸೂರಿನ ಕಡೆ ಕೂಡಿಕೆ ಎಂಬ ಮಾತು ಯಾರೂ ಇಂಗ್ಲೆಂಡಿನಿಂದ ತಂದದ್ದಲ್ಲ. ಬಿಡುವುದು, ಮತ್ತೆ ಕೂಡುವುದು ಅನೇಕ ಜಾತಿಗಳಲ್ಲಿ ಪಂಚಾಯಿತಿಯ ಮುಂದೆ ನಡೆಯುತ್ತಿತ್ತು. ಬಿಡುಗಡೆ ಇಲ್ಲದಿದ್ದದ್ದು ಮೇಲುಜಾತಿಯ ಹೆಂಗಸರಿಗೆ. ಧಾರವಾಡ, ಬೆಳಗಾವಿ, ವಿಜಯಪುರ ಜಿಲ್ಲೆಗಳು ಮುಂಬಯಿ ಪ್ರಾಂತದಲ್ಲಿದ್ದ ಕಾರಣ 1947ರ ಮುಂಬಯಿ ಹಿಂದೂ ವಿಚ್ಛೇದನ ಕಾನೂನು ಅಲ್ಲಿ ಮೊದಲೇ ಬಂದಿತ್ತು. ಇಡೀ ದೇಶಕ್ಕೆ ಬಂದದ್ದು 1955ರ ಮೇ 18ರಂದು. ಆ ಕಾನೂನು ಕೂಡ ರೂಢಿಯ ಬಿಡುಗಡೆಯನ್ನು ಅಳಿಸಿಹಾಕಲಿಲ್ಲ. 29ನೆಯ ಸೆಕ್ಷನಿನ ಎರಡನೆಯ ಉಪವಿಧಿ ಅದನ್ನು ಉಳಿಸಿದೆ. ಆದರೆ ರೂಢಿ ಇತ್ತೆಂದು ಸಾಬೀತು ಮಾಡುವ ಭಾರ ಹೇಳುವವರ ಮೇಲೆ. ಪಂಚಾಯಿತಿಯ ಹಿರಿಯರು ಬದುಕಿರುವಾಗಲೇ ಕುಟುಂಬ ನ್ಯಾಯಾಲಯಕ್ಕೆ ಹೋಗಿ ‘ನನ್ನ ವೈವಾಹಿಕ ಸ್ಥಿತಿ ಇಂಥದು’ ಎಂಬ ಘೋಷಣೆಯ ಡಿಕ್ರಿ ಪಡೆಯಬೇಕು. 1984ರ ಕಾನೂನಿನ 7ನೆಯ ಸೆಕ್ಷನಿನಲ್ಲಿ ಅದಕ್ಕೆ ಅವಕಾಶವಿದೆ. ಸಾಕ್ಷಿ ಹೇಳುವ ಮುದುಕರು ಸತ್ತ ಮೇಲೆ ಯಾವ ವಕೀಲರೂ ಏನೂ ಮಾಡಲಾರರು. ತಲಾಖ್ ನಾಮಾ, ಖುಲಾ ಪತ್ರ ಇಟ್ಟುಕೊಂಡಿರುವ ಮುಸಲ್ಮಾನ ಬಂಧುಗಳಿಗೂ ಇದೇ ದಾರಿ ಒಳ್ಳೆಯದು. ಒಂದೇ ಉಸಿರಿನ ಮೂರು ತಲಾಖ್ 2017ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಯಿತು, 2019ರ ಕಾನೂನು ಅದನ್ನು ಅಪರಾಧ ಮಾಡಿತು.

ವೈಟ್‌ಫೀಲ್ಡಿನ ಹಳಬರಿಗೆ ಇನ್ನೊಂದು ಸೂಚನೆ. ಆ ಊರು 1882ರ ಸುಮಾರಿಗೆ ಆಂಗ್ಲೋ ಇಂಡಿಯನ್ ಕುಟುಂಬಗಳಿಗಾಗಿ ಹುಟ್ಟಿದ್ದು. ಕ್ರೈಸ್ತರ ವಿಚ್ಛೇದನ 1869ರ ಕಾನೂನಿನ ಪ್ರಕಾರ. 2001ರ ತಿದ್ದುಪಡಿಯ ತನಕ ಜಿಲ್ಲಾ ಜಡ್ಜರು ಕೊಟ್ಟ ಡಿಕ್ರಿ ಹೈಕೋರ್ಟು ದೃಢೀಕರಿಸದ ಹೊರತು ಪೂರ್ತಿಯಾಗುತ್ತಿರಲಿಲ್ಲ. ಆದ್ದರಿಂದ ಅಜ್ಜ ಅಜ್ಜಿಯರ ಕಾಲದ ಕಾಗದ ಹುಡುಕುವವರು ಕೆಳಗಿನ ಕೋರ್ಟಿನಲ್ಲಿ ಮಾತ್ರವಲ್ಲ, ಹೈಕೋರ್ಟಿನ ದಾಖಲೆಯಲ್ಲೂ ನೋಡಬೇಕು.

ಇಷ್ಟು ಹೇಳಿದ ಮೇಲೆ ಯಾರು ಬೇಕಾದರೂ ಹೋಗಿ ಯಾರ ಡಿಕ್ರಿ ಬೇಕಾದರೂ ತರಬಹುದೇ ಎಂದು ಕೇಳಬಹುದು. ಆಗದು, ಆಗಲೂ ಬಾರದು. ಹಿಂದೂ ವಿವಾಹ ಕಾನೂನಿನ 22ನೆಯ ಸೆಕ್ಷನ್ ಪ್ರಕಾರ ಈ ವಿಚಾರಣೆಗಳು ಬಾಗಿಲು ಮುಚ್ಚಿ ನಡೆಯತಕ್ಕವು. ಅಪ್ಪಣೆಯಿಲ್ಲದೆ ಅಚ್ಚು ಹಾಕಿದವರಿಗೆ 1,000 ರೂಪಾಯಿವರೆಗೆ ದಂಡ. ಖಾಸಗಿತನ ಮೂಲಭೂತ ಹಕ್ಕೆಂದು 2017ರಲ್ಲಿ ತೀರ್ಮಾನವಾದ ಮೊಕದ್ದಮೆಯನ್ನು ಹೂಡಿದವರೇ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಮಾಹಿತಿ ಹಕ್ಕಿನ ಅರ್ಜಿ ಹಾಕಿ ತೆಗೆಯೋಣವೆಂದರೆ ಅದೂ ನಡೆಯುವುದಿಲ್ಲ. ಕೋರ್ಟಿನ ಕಟ್ಟಿನ ಕಾಗದವನ್ನು ಕೋರ್ಟಿನ ನಿಯಮದ ಮೂಲಕವೇ ಪಡೆಯಬೇಕೆಂದು ಗುಜರಾತ್ ಹೈಕೋರ್ಟಿನ ವಿಷಯದಲ್ಲಿ 2020ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಪಕ್ಷಗಾರರಲ್ಲದವರು ತಮಗೆ ಏಕೆ ಬೇಕೆಂದು ಪ್ರಮಾಣಪತ್ರ ಸಲ್ಲಿಸಿ ಅಪ್ಪಣೆ ಪಡೆಯಬೇಕು. ತಂದೆಯ ಆಸ್ತಿಗಾಗಿ ಕೇಳುವ ಮಗನಿಗೆ ಕಾರಣವಿದೆ. ಹೆಣ್ಣು ನೋಡಲು ಹೊರಟವರ ಪರವಾಗಿ ಬರುವ ಪತ್ತೇದಾರನಿಗೂ, ಕೆಲಸಕ್ಕೆ ತೆಗೆದುಕೊಳ್ಳುವ ಮುಂಚೆ ‘ಬ್ಯಾಕ್‌ಗ್ರೌಂಡ್ ಚೆಕ್’ ಎಂದು ಮೂಗು ತೂರಿಸುವ ಮಾಲೀಕನಿಗೂ ಇಲ್ಲ. ಹೆಂಗಸೊಬ್ಬಳ ಕೋರ್ಟಿನ ಕಷ್ಟ ಅವಳ ಸೂಪರ್‌ವೈಸರನ ಬಾಯಿಗೆ ಬೀಳುವುದೆಂದರೆ ಏನೆಂದು ಗಾರ್ಮೆಂಟ್ಸಿನಲ್ಲಿ ದುಡಿದವರಿಗೆ ವಿವರಿಸಬೇಕಿಲ್ಲ.

ನಮ್ಮ ಕೇಳಿಕೆ ದೊಡ್ಡದೇನಲ್ಲ. ಉಚಿತ ಪ್ರತಿಯನ್ನು ಡಿಕ್ರಿ ಸಿದ್ಧವಾದ ಕೂಡಲೇ ಅಂಚೆಯ ಮೂಲಕ ಎರಡೂ ಪಕ್ಷದವರ ವಿಳಾಸಕ್ಕೆ ಕಳುಹಿಸಿ ರಸೀತಿಯನ್ನು ಕಟ್ಟಿಗೆ ಸೇರಿಸಲಿ. ಸಮನ್ಸ್ ಕಳುಹಿಸಲು ಸಿಗುವ ವಿಳಾಸ ಪ್ರತಿ ಕಳುಹಿಸಲು ಏಕೆ ಸಿಗದು? ತಿಂಗಳಿಗೆ ಎರಡು ಭಾನುವಾರವಾದರೂ ನಕಲು ವಿಭಾಗ ತೆರೆದಿರಲಿ. ಆನೇಕಲ್ಲಿನಲ್ಲಿ ಅರ್ಜಿ ಕೊಟ್ಟು ಸಿಂಧನೂರಿನ ಕಟ್ಟಿನ ನಕಲು ಪಡೆಯುವಂತಾಗಲಿ. ಕೋರ್ಟುಗಳಲ್ಲಿ ಇಟ್ಟಿರುವ ಇ-ಸೇವಾ ಕೇಂದ್ರಗಳ ಕೆಲಸದ ಪಟ್ಟಿಯಲ್ಲಿ ನಕಲಿಗೆ ಅರ್ಜಿ ಹಾಕಿಕೊಡುವುದೂ ಇದೆಯಲ್ಲ. ಡಿಕ್ರಿ ಕನ್ನಡದಲ್ಲಿರಲಿ. ರಾಜ್ಯಭಾಷಾ ಶಾಸನ 1963ರಲ್ಲೇ ಬಂದಿದೆ. ತನ್ನ ಮದುವೆ ಮುರಿದ ಕಾಗದವನ್ನು ಓದಿಸಿಕೊಳ್ಳಲು ಹೆಂಗಸು ಪಕ್ಕದ ಮನೆಯ ಕಾಲೇಜು ಹುಡುಗನನ್ನು ಕರೆಯಬೇಕೇ?

ಇವೆಲ್ಲ ಆಗುವ ತನಕ ಒಂದು ದಾರಿಯಿದೆ, ಅದನ್ನು ನಮ್ಮ ಯೂನಿಯನ್ನುಗಳು ಬಳಸುತ್ತಿಲ್ಲವೆಂಬುದು ನಮ್ಮ ಆಕ್ಷೇಪಣೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಶಾಸನದ 12ನೆಯ ಸೆಕ್ಷನ್ ಉಚಿತ ಕಾನೂನು ನೆರವಿಗೆ ಯಾರು ಅರ್ಹರೆಂದು ಹೇಳುತ್ತದೆ. ಅದರಲ್ಲಿ ಎಲ್ಲ ಹೆಂಗಸರೂ ಇದ್ದಾರೆ, ಪರಿಶಿಷ್ಟ ಜಾತಿ ವರ್ಗದವರಿದ್ದಾರೆ, ಅಷ್ಟೇ ಅಲ್ಲ, ಕೈಗಾರಿಕಾ ಕಾರ್ಮಿಕರು ಎಂದೇ ಬರೆದಿದೆ. ಇವರು ಆದಾಯದ ಸರ್ಟಿಫಿಕೇಟು ತೋರಿಸಬೇಕಾಗಿಲ್ಲ. ತೀರ್ಪು ಡಿಕ್ರಿಗಳ ಪ್ರತಿ ಪಡೆಯುವ ಖರ್ಚೂ ಈ ನೆರವಿನೊಳಗೆ ಬರುತ್ತದೆ. ರಾಜ್ಯ ಪ್ರಾಧಿಕಾರದ ಕಛೇರಿ ಅದೇ ನ್ಯಾಯದೇಗುಲದಲ್ಲಿದೆ. ತಾಲ್ಲೂಕು ಕೋರ್ಟುಗಳಲ್ಲಿ ತಾಲ್ಲೂಕು ಸಮಿತಿಗಳಿವೆ. ಫೋನಿನಲ್ಲಿ ಕೇಳುವವರಿಗೆ 15100. ಪೀಣ್ಯದ ಹತ್ತು ಶೆಡ್ಡಿನವರ ಅರ್ಜಿಗಳನ್ನು ಒಟ್ಟುಗೂಡಿಸಿ ಯೂನಿಯನ್ನಿನ ಒಬ್ಬರೇ ಹೋಗಿ ಸಮಿತಿಗೆ ಕೊಟ್ಟರೆ ಹತ್ತು ಜನರ ಕೂಲಿ ಉಳಿಯುತ್ತದೆ. ಜೊತೆಗೆ ಕೊಂಡೊಯ್ಯಬೇಕಾದದ್ದು ಆಧಾರ್ ಪ್ರತಿ, ಮೊಕದ್ದಮೆಯ ನಂಬರು ಇದ್ದರೆ ಅದು, ಇಲ್ಲದಿದ್ದರೆ ಮದುವೆಯಾದ ಊರು ಮತ್ತು ಗಂಡಹೆಂಡಿರಿಬ್ಬರ ಹೆಸರು, ಆಧಾರಿನ ಹೆಸರಿಗೂ ಕೋರ್ಟಿನ ಹೆಸರಿಗೂ ವ್ಯತ್ಯಾಸವಿದ್ದರೆ ಅದನ್ನು ತಿಳಿಸುವ ಒಂದು ಪ್ರಮಾಣಪತ್ರ. ಹಿಂದೂ ವಿವಾಹ ಕಾನೂನಿನ ಡಿಕ್ರಿಯಾಗಿದ್ದು ಮೊದಲ ಪ್ರತಿ ಈತನಕ ಕೈಗೆ ಬಾರದಿದ್ದರೆ ಅರ್ಜಿಯ ತಲೆಯ ಮೇಲೆ ‘ಸೆಕ್ಷನ್ 23(4)ರ ಮೇರೆಗೆ ಉಚಿತ ಪ್ರತಿ’ ಎಂದು ದಪ್ಪ ಅಕ್ಷರದಲ್ಲಿ ಬರೆದು, ಕೊಟ್ಟದ್ದಕ್ಕೆ ಸ್ವೀಕೃತಿಯನ್ನು ಕೇಳಿ ತೆಗೆದುಕೊಳ್ಳಿ.